ನೀಲವ್ವತ್ತೆ ನೀರು ಹಾಕದ ಮಲ್ಲಿಗೆ

ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಬಾಗಿಲ ಬದಿಯ ಮಲ್ಲಿಗೆಯ ವಾಸನೆ ಅವಳ ಮೂಗಿಗೆ ಬಡಿಯಿತು. ಗಿಡ ನೋಡಿದಳು, ಕುಂಕುಮವಿಲ್ಲದ ನನ್ನ ಹಣೆ ನೋಡಿದಳು. "ಇನ್ನ ಯಾಕ ಬೇಕ್ರಿ ಅಕ್ಕಾರ ಇದು? ಸುಮ್ನ ಮನಸಿಗಿ ತ್ರಾಸ," ಎಂದಳು. ನಮ್ಮ ಯಜಮಾನರು ಹೋಗಿ ವರ್ಷವಾಯಿತು. ನಾನು ಚಹಾ ಕೊಟ್ಟೆ, ಚೂಡಾ ಕೊಟ್ಟೆ, ಬಾಗಿಲ ತನಕ ಹೋಗಿ ಕಳಿಸಿದೆ. ಅವಳು ಹೋದ ಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಹೀಗೇ, ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬರುತ್ತದೆ.

ನೀಲವ್ವತ್ತೆಯ ಸಿಟ್ಟು ಹಾಗಿರಲಿಲ್ಲ ನೋಡಿ. ನಾನು ಮಣ್ಣೂರಿನಿಂದ ಇಜೇರಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ನೀಲವ್ವತ್ತೆ ಮಾವನವರ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ನಮ್ಮ ಹಿತ್ತಲೆಂದರೆ ಬರೀ ಎರೆಮಣ್ಣು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಅಲ್ಲೊಂದು ಗುಂಡಿ ತೋಡಿ, ಎರೆಯನ್ನೆಲ್ಲ ಎತ್ತಿ ಚೆಲ್ಲಿ, ನೀರು ಬಸಿಯುವ ಗರಸುಮಣ್ಣು ಮತ್ತು ಹಳೆಯ ಗೊಬ್ಬರ ತುಂಬಿ ಆಕೆ ದುಂಡುಮಲ್ಲಿಗೆ ಹಚ್ಚಿದ್ದಳು. ಗಂಡನಿಲ್ಲದವಳಿಗೆ ಹೂವಿನ ಗಿಡವೇಕೆ ಎಂದು ಓಣಿ ಕೇಳಿದರೆ "ನನ್ನ ಲಿಂಗಕ್ಕ" ಎನ್ನುತ್ತಿದ್ದಳು. ಅಂಗೈ ಮೇಲೆ ಇಷ್ಟಲಿಂಗ ಇಟ್ಟು ಪೂಜಿಸುವವರ ಮನೆಯಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಪೂಜೆಯಾದ ಹೂವನ್ನು ಕಣ್ಣಿಗೊತ್ತಿ ನಮ್ಮ ತಲೆಗೆ ಮುಡಿಸುತ್ತಿದ್ದಳು. ಅವಳ ತಲೆಯ ಮೇಲೆ ಸೆರಗು ಇರುತ್ತಿತ್ತು.

ಮಾವನವರಿಗೆ ಒಳಗೊಳಗೇ ಕಿರಿಕಿರಿ. ನಾನು ಬಂದ ವರ್ಷ ಹೇಳಿಯೇಬಿಟ್ಟರು. "ನೀಲಿ, ಹ್ವಾದ ವರ್ಷ ಎರಡ ಬೊಗಸಿ ಹೂ ಆಗಿಲ್ಲ. ಈ ಬ್ಯಾಸಗ್ಯಾಗ ಬಿಡಲಿಲ್ಲಂದ್ರ ಕಿತ್ತ ಒಗದು ಅಲ್ಲಿ ದನದ ಕಣಕಿ ಒಟ್ಟಸ್ತೇನಿ."

"ಬಿಡ್ತದ ಅಣ್ಣ," ಎಂದಳು.

ಎಳ್ಳಮಾವಾಸ್ಯೆ ಮುಗಿಯುತ್ತಲೇ ಗಿಡಕ್ಕೆ ನೀರು ಬಂದ್. ಕೊಂಬೆ ಕತ್ತರಿಸಿ, ಉಳಿದ ಎಲೆಯನ್ನೂ ಕಿತ್ತು, ಬುಡ ಕೆದರಿ ಬಿಸಿಲಿಗೆ ಬಿಟ್ಟಳು. ಶಿವರಾತ್ರಿಯವರೆಗೆ ಹನಿ ನೀರಿಲ್ಲ. ಬಾಯಾರಿದರೇ ಮಲ್ಲಿಗೆ ಮೊಗ್ಗು ಹಿಡಿಯುವುದೆಂದು ನನಗೇನು ಗೊತ್ತು? ನಾನು ಭೀಮೆಯ ದಂಡೆಯವಳು. ನಮಗೆ ಎಲ್ಲ ರೋಗಕ್ಕೂ ನೀರೇ ಮದ್ದು. ಪಾತ್ರೆ ತೊಳೆದ ನೀರನ್ನು ದಿನಾ ಕದ್ದು ಸುರಿದೆ. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂಬ ಹೆಮ್ಮೆ ಬೇರೆ! ಬೋಳಾಗಿರಬೇಕಾದ ಗಿಡ ಶಿವರಾತ್ರಿಗೆ ಸೊಂಪಾಗಿ ಎಲೆ ಬಿಟ್ಟು ನಿಂತಿತ್ತು. ಮೊಗ್ಗಿನ ಸುಳಿವಿಲ್ಲ.

ನೀಲವ್ವತ್ತೆ ಬುಡದಲ್ಲಿ ಬೆರಳಿಟ್ಟಳು. ಒದ್ದೆ ಮಣ್ಣಿನಲ್ಲಿ ಅನ್ನದ ಅಗುಳು ಸಿಕ್ಕಿತು. ನಾನು ಅಳುತ್ತ ಒಪ್ಪಿಕೊಂಡೆ.

"ಅಳಬ್ಯಾಡ ಬೇ. ಪಾಪ ಅನ್ಕೋತ ಕೊಲ್ಲೂದು ಅಂದ್ರ ಇದ. ಮಂದಿ ನನಗೂ ಪಾಪ, ಪಾಪ ಅಂತ ಹಿಂಗ ಮಾಡ್ಯಾರ," ಎಂದವಳೇ ಕುಡುಗೋಲು ತಂದು ಗಿಡವನ್ನು ಗೇಣುದ್ದಕ್ಕೆ ಕಡಿದಳು.

ಮಾವನವರು ನಕ್ಕರು. "ಮುಗೀತಲ್ಲ?"

"ಬಸವ ಜಯಂತಿ ತನಕ ತಡಿ ಅಣ್ಣ." ಅದು ಬೇಡಿಕೆಯಾಗಿರಲಿಲ್ಲ, ತಾಕೀತಾಗಿತ್ತು.

ಹೋಳಿಯವರೆಗೆ ಒಣಗಿಸಿ, ಆಮೇಲೆ ನೀರು ಬಿಟ್ಟಳು. ನಾನು ಹಿತ್ತಲ ಕಡೆ ಕೊಡ ಹಿಡಿದು ಹೋಗುವುದನ್ನೇ ಬಿಟ್ಟಿದ್ದೆ. ಬಸವ ಜಯಂತಿಯ ಬೆಳಿಗ್ಗೆ ನೋಡಿದರೆ ಗಿಡದಲ್ಲಿ ಎಲೆಗಿಂತ ಹೂವೇ ಹೆಚ್ಚು. ಎಲ್ಲರೂ ಪೂಜೆಗೆ ಕೂತಿದ್ದೆವು. ಅತ್ತೆ ಲಿಂಗಕ್ಕೆ ಹೂ ಏರಿಸಿ, ಇಳಿಸಿ, ಕಣ್ಣಿಗೊತ್ತಿಕೊಂಡಳು. ಮುಡಿಸಲೆಂದು ನಾವು ತಲೆ ಬಾಗಿಸಿದೆವು. ಅವಳು ಸೆರಗು ಜಾರಿಸಿ ತನ್ನ ತುರುಬಿಗೇ ಮುಡಿದಳು.

"ನೀಲೀ!" ಮಾವನವರ ದನಿ.

"ಪ್ರಸಾದ ಅಣ್ಣ. ಲಿಂಗದ ಮ್ಯಾಲಿಂದು. ನೆಲಕ್ಕ ಒಗೀಲೇನು? ನೀನ ಹೇಳು."

ಪ್ರಸಾದವನ್ನು ಒಗೆ ಎನ್ನುವ ಬಾಯಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾವನವರು ತಮ್ಮ ಅಂಗೈಯ ಲಿಂಗವನ್ನೇ ನೋಡುತ್ತ ಕೂತರು. ಅತ್ತೆ ಕೊಡ ಎತ್ತಿಕೊಂಡು, ಸೆರಗು ಹೊದೆಯದ ಬರೀ ತಲೆಯಲ್ಲಿ, ಓಣಿಯ ನಟ್ಟನಡುವೆ ಬಾವಿಗೆ ನಡೆದಳು. ಸಾಯುವವರೆಗೂ ಹೂವಿದ್ದ ದಿನವೆಲ್ಲ ಮುಡಿದಳು.

ಇದನ್ನೆಲ್ಲ ನೆನೆಯುತ್ತ ನಾನೂ ಮೊಗ್ಗು ಬಿಡಿಸಿ ಮಾಲೆ ಕಟ್ಟಿದ್ದೇನೆ. ಪಕ್ಕದ ಮನೆಗೇ ಹೊರಟಿದ್ದೇನೆ. ಕೇಳಿದರೆ ಪ್ರಸಾದ ಎನ್ನಬಹುದು, ಅವಳ ಬಾಯಿ ಕಟ್ಟೀತು. ಆದರೆ ಆ ನೆಪ ಅತ್ತೆಗೆ ಬೇಕಿತ್ತು, ಅವಳ ಕಾಲ ಹಾಗಿತ್ತು. ನಾನು ಈ ಹೂವನ್ನು ಲಿಂಗಕ್ಕೆ ಏರಿಸಿಯೇ ಇಲ್ಲ. ಗಿಡದಿಂದ ಕಿತ್ತು, ಕಟ್ಟಿ, ನೇರವಾಗಿ ಮುಡಿದಿದ್ದೇನೆ.