ಹತ್ತಿ ಹೊಲದ ಹೊಗೆಗೆ ನಾನು ಊರು ಬಿಡಲಿಲ್ಲ

ಆಲೂರಿನ ಮೊದಲ ಬೆಳಗಿನಲ್ಲಿ ನಾನು ಹೊಗೆಯನ್ನು ಮಂಜು ಎಂದುಕೊಂಡು ಬಾಗಿಲು ತೆರೆದೆ. ಮಂಡ್ಯದಲ್ಲಿ ಶಿವರಾತ್ರಿಯ ಹೊತ್ತಿಗೆ ನಾಲೆಯ ಮೇಲೆ ಬೆಳ್ಳಗೆ ಮಲಗಿರುತ್ತದಲ್ಲ, ಅದೇ ಎಂದು ಎದೆ ತುಂಬ ಎಳೆದುಕೊಂಡೆ. ಎಳೆದುಕೊಂಡದ್ದು ಹೊರಗೆ ಬರಲಿಲ್ಲ. ಹೊಸ ಬಳೆಗಳ ಕೈಯಿಂದ ಎದೆ ಒತ್ತಿಕೊಂಡು ಹೊಸ್ತಿಲಲ್ಲೇ ಕುಸಿದು ಕೂತೆ. ಅತ್ತೆ ಗೌರಮ್ಮನವರು ಬಂದು ಮೊದಲು ಬಾಗಿಲು ಹಾಕಿದರು, ಆಮೇಲೆ ನನ್ನ ಬೆನ್ನು ನೀವಿದರು.

"ಹೊಗಿ ಯವ್ವಾ ಅದು. ಹತ್ತಿ ಕಟ್ಟಿಗಿ ಸುಡಾಕತ್ಯಾರ. ನಿಮ್ಮೂರಾಗ ಹೊಗಿ ನೋಡಿಲ್ಲೇನು?"

ನೋಡಿದ್ದೆ. ಊರೆಲ್ಲ ಅದರೊಳಗೆ ಮುಳುಗುವುದನ್ನು ನೋಡಿರಲಿಲ್ಲ.

ಮಂಡ್ಯದವರಾದ ನಿಮಗೆ ಗೊತ್ತಿದೆ, ನನ್ನನ್ನು ಇಷ್ಟು ದೂರ ಕೊಟ್ಟದ್ದೇ ನನ್ನ ಉಬ್ಬಸದ ಕಾರಣಕ್ಕೆ. ನಾಲೆಯ ತೇವ ಈಕೆಯ ಎದೆಗೆ ಆಗದು, ಒಣ ಸೀಮೆ ನೋಡಿ ಎಂದು ನಮ್ಮ ಡಾಕ್ಟರು ಹೇಳಿದ್ದರು. ಆಗಲೇ ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿದ ಆಲೂರಿನ ಕನ್ನಡ ಮೇಷ್ಟರ ಸಂಬಂಧ ಬಂತು. ಬಳ್ಳಾರಿ ಮೈಸೂರಿಗೆ ಸೇರಿ, ಆಲೂರು ಆದವಾನಿಗಳು ಆಂಧ್ರದಲ್ಲೇ ಉಳಿದ ಮರುವರ್ಷ ಅದು. "ಅಲ್ಲಿ ಕನ್ನಡ ಮಾತಾಡ್ತಾರಾ?" ಎಂದು ನೀವೆಲ್ಲ ಕೇಳಿದಿರಿ. ನಮಗಿಂತ ಜೋರಾಗಿ ಮಾತಾಡುತ್ತಾರೆ. ಕನ್ನಡದಲ್ಲಿ ಹೊರಟ ವಾಕ್ಯ ತೆಲುಗಿನಲ್ಲಿ ಮನೆ ಮುಟ್ಟುತ್ತದೆ, ಅಷ್ಟೆ. ಮೊದಲ ತಿಂಗಳು ನಾನು ಹಾದಿಯ ಮಧ್ಯೆ ಇಳಿದುಬಿಡುತ್ತಿದ್ದೆ. ಈಗ ಕೊನೆಯವರೆಗೂ ಹೋಗಿಬರುತ್ತೇನೆ.

ನಮ್ಮಲ್ಲಿ ಹೆಂಚಿನ ಮನೆ, ಇಳಿಜಾರು ಸೂರು. ಇಲ್ಲಿ ಮಣ್ಣಿನ ಮಾಳಿಗೆ, ಕಲ್ಲಿನ ಗೋಡೆ, ಕಿಟಕಿ ಎಂಬುದೇ ಇಲ್ಲ. ಬೆಳಕು ಗಾಳಿ ಎಲ್ಲ ಚಾವಣಿಯ ನಡುವಿನ ಬೆಳಕಿಂಡಿಯಿಂದ ಇಳಿಯಬೇಕು. ಬೇಸಿಗೆಯಲ್ಲಿ ಅದು ವರ. ಸುಡುವ ದಿನಗಳಲ್ಲಿ ಮಾತ್ರ ಹೊಗೆಯೂ ಅಲ್ಲಿಂದಲೇ ಇಳಿದು ಅಡುಗೆಮನೆಯಲ್ಲಿ ನೆಂಟನ ಹಾಗೆ ಕೂತುಬಿಡುತ್ತದೆ. ಬೆಳಕಿಂಡಿಗೆ ಗಡಿಗೆ ಕವುಚಿ, ಕತ್ತಲಲ್ಲಿ ರೊಟ್ಟಿ ತಟ್ಟಲು ಕಲಿತೆ. ನನ್ನ ಮೊದಲ ಜೋಳದ ರೊಟ್ಟಿಯ ಒಂದು ಅಂಚು ಕಿತ್ತುಹೋಗಿತ್ತು. ಅತ್ತೆ ಅದನ್ನು ಎತ್ತಿ ಹಿಡಿದು, "ಬಳ್ಳಾರಿ ಹರಕೊಂಡ ಮ್ಯಾಲಿನ ಆಂಧ್ರ ನಕ್ಷಾ ಐತಿ ನೋಡ್ರಿ" ಎಂದು ಮಗನ ತಟ್ಟೆಗೆ ಹಾಕಿದರು.

ದಿನದ ವಿಷಯ ಬರೆದಿಡುವ ನನ್ನ ಚಟ ಇಲ್ಲಿಗೂ ಬಂದಿದೆ. ಹೊಗೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಇದ್ದಿಲ ಚುಕ್ಕೆ, ಉಸಿರು ಕಟ್ಟಿದ ದಿನಕ್ಕೆ ಎರಡು. ಯುಗಾದಿಯ ಹೊತ್ತಿಗೆ ಆ ಹಾಳೆಗೆ ಸಿಡುಬು ಎದ್ದ ಹಾಗಿತ್ತು.

ಹೊಗೆ ಬರುತ್ತಿದ್ದದ್ದು ಮನೆಯ ಪಡುವಣಕ್ಕಿರುವ ಚನ್ನಪ್ಪನವರ ಹೊಲಗಳಿಂದ. ದೊಡ್ಡ ರೈತರು, ಆದವಾನಿ ಪೇಟೆಯಲ್ಲಿ ಹತ್ತಿ ವ್ಯಾಪಾರವೂ ಉಂಟು. ಅವರ ಮುಂದೆ ನಿಂತು ಕೇಳಿಯೇಬಿಟ್ಟೆ, ಸುಡುವುದೇಕೆ, ಕಟ್ಟಿಗೆ ಇಲ್ಲದ ಈ ಸೀಮೆಯಲ್ಲಿ ಒಲೆಗಾದರೂ ತರಬಾರದೆ ಎಂದು.

"ತರ್ತಿದ್ವಿ ತಂಗಿ, ಹುಳ ಬೀಳಾಕಿಂತ ಮುಂಚೆ" ಎಂದರು. "ಈಗ ಗಿಡದಾಗ ಉಳಿದ ಕಾಯಾಗೆಲ್ಲ ಹುಳ ಐತಿ. ಆ ಕಟ್ಟಿಗಿ ಹಿತ್ತಲಾಗ ಒಟ್ಟಿದ್ರ ಹುಳಕ್ಕ ನಾವಾ ಮನಿ ಕಟ್ಟಿಕೊಟ್ಟಂಗ. ಮುಂದಿನ ವರ್ಷ ಬೆಳಿ ಖಲಾಸ್."

"ಹಾಗಾದರೆ ಮಧ್ಯಾಹ್ನ ಸುಡಿ. ಗಾಳಿಗೆ ಹೊಗೆ ಮೇಲೆ ಹೋಗುತ್ತದೆ. ಬೆಳಗಿನ ಜಾವ ನೆಲ ಬಿಟ್ಟು ಏಳುವುದಿಲ್ಲ."

"ಮಧ್ಯಾಹ್ನದ ಗಾಳಿಗೆ ಕಿಡಿ ಹಾರಿ ಬಣಿವಿಗೆ ಬಿದ್ರ ನೀ ಮೇವು ಹಾಕ್ತಿ ಏನು, ನನ್ನ ಎತ್ತಿಗೆ? ಮೈಸೂರಾಕಿ, ನಿನ್ನ ಎದಿ ಸೂಕ್ಷ್ಮ ಐತಿ ಅಂತ ಊರೆಲ್ಲ ಉಸಿರು ಹಿಡೀಬೇಕೇನು?"

ಬಣವೆಯ ಮಾತು ಸುಳ್ಳಲ್ಲ. ಆದರೆ ಸುಮ್ಮನಾಗುವ ಹೆಣ್ಣು ನಾನಲ್ಲ. ನಮ್ಮ ಮಂಡ್ಯದ ತಿಪ್ಪೆಗುಂಡಿ ನೆನಪಾಯಿತು. ಅಲ್ಲಿ ಏನು ಹಾಕಿದರೂ ಒಂದು ಮಳೆಗಾಲದಲ್ಲಿ ಗೊಬ್ಬರವಾಗುತ್ತದೆ. ಹಿತ್ತಲಲ್ಲಿ ಗುಂಡಿ ತೋಡಿಸಿ, ಒಂದು ಹೊರೆ ಹತ್ತಿ ಕಟ್ಟಿಗೆ ಹಾಕಿ, ಸಗಣಿ ಬಳಿದು ಮಣ್ಣು ಮುಚ್ಚಿದೆ. ಕುಡಿಯುವ ನೀರಿಗೇ ಸರದಿ ನಿಲ್ಲುವ ಊರಲ್ಲಿ ಗುಂಡಿಗೆ ನೀರು ಎಲ್ಲಿಂದ ಬರಬೇಕು? ದಸರೆಯ ಹೊತ್ತಿಗೆ ಅಗೆದರೆ, ಹಾಕಿದ ಕಡ್ಡಿಗಳು ಹಾಕಿದ ಹಾಗೆಯೇ ನೆಟ್ಟಗೆ ಎದ್ದು ಬಂದವು. "ನಮ್ ಸೊಸಿ ಕಟ್ಟಿಗಿ ಉಪ್ಪಿನಕಾಯಿ ಹಾಕ್ಯಾಳ, ಬರ್ರಿ" ಎಂದು ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ನಾನೂ ನಕ್ಕೆ. ಅಲ್ಲಿಯ ಉಪಾಯ ಇಲ್ಲಿಯ ಮಣ್ಣಿಗೆ ಹತ್ತಲಿಲ್ಲ.

ಮರುವರ್ಷ ಮಾಘದಲ್ಲಿ ಹತ್ತಿಯ ಕೊನೆಯ ಬಿಡಿಸುವಿಕೆ ನಡೆಯುವಾಗ ಅತ್ತೆ ಅಟ್ಟದಿಂದ ನನ್ನ ಟ್ರಂಕು ಇಳಿಸಿದರು. ಆದವಾನಿಯ ಡಾಕ್ಟರು ಹಿಂದಿನ ವರ್ಷವೇ ಹೇಳಿದ್ದರು, ಹೊಗೆಯ ತಿಂಗಳುಗಳಲ್ಲಿ ಈಕೆ ಇಲ್ಲಿರಬಾರದು ಎಂದು. ಪ್ರತಿವರ್ಷ ಶಿವರಾತ್ರಿಗೆ ಹೋಗಿ, ಹೊಗೆ ಇಳಿದ ಮೇಲೆ ಬರುವುದೆಂದು ತಾಯಿ ಮಗ ಮಾತಾಡಿಕೊಂಡಿದ್ದರು.

"ಸಾಯಾಕಿಂತ ತೌರು ಮನಿ ಚಲೋ ಅಲ್ಲೇನು?" ಎಂದರು ಅತ್ತೆ.

"ಈ ವರ್ಷ ಎರಡು ತಿಂಗಳು. ಮುಂದೆ ಮೂರು. ಆಮೇಲೆ, ಆಕೆ ಅಲ್ಲೇ ಇದ್ದರೆ ವಾಸಿ ಎನ್ನುತ್ತೀರಿ" ಎಂದೆ. "ಹೊಗೆ ಹಾಕುವವರು ಇರುತ್ತಾರೆ, ಉಸಿರಾಡುವವಳು ಹೋಗಬೇಕು. ನಾನು ಹೋಗುವುದಿಲ್ಲ."

ನನ್ನ ಗಂಡ ಬಸವರಾಜರು ಪುಸ್ತಕದಿಂದ ತಲೆ ಎತ್ತಿ, "ಹಟ ಮಾಡಿದ್ರ ಉಬ್ಬಸ ಕೇಳ್ತೈತಾ?" ಎಂದರು. ಕೇಳುವುದಿಲ್ಲ, ಗೊತ್ತು. ಟ್ರಂಕನ್ನು ನಾನೇ ಅಟ್ಟಕ್ಕೆ ಏರಿಸಿದೆ. ಏರಿಸಿ ಇಳಿಯುವಷ್ಟರಲ್ಲಿ ದಮ್ಮು ಹತ್ತಿತ್ತು. ಬಾಯಿ ಮುಚ್ಚಿ ಮೂಗಲ್ಲೇ ಉಸಿರಾಡಿದೆ, ಯಾರಿಗೂ ಕಾಣಿಸಬಾರದೆಂದು.

ಅದೇ ವಾರ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ, ಹನುಮಂತು ಎಂಬ ಕುರುಬರವನ ಹಿಂಡು ಚನ್ನಪ್ಪನವರ ಹೊಲಕ್ಕೆ ನುಗ್ಗಿತು. ಆಳುಗಳು ಬೈದು ಓಡಿಸುವಷ್ಟರಲ್ಲಿ ಒಂದು ಮೂಲೆ ಬೋಳಾಗಿತ್ತು. ಇಳಿದು ಹೋಗಿ ನೋಡಿದೆ. ಕುರಿಗಳು ಎಲೆಗಿಂತ ಮೊದಲು ತಿಂದಿದ್ದದ್ದು ಗಿಡದಲ್ಲಿ ಉಳಿದ ಕಾಯಿಗಳನ್ನು. ಹುಳ ಇರುವುದು ಆ ಕಾಯಲ್ಲಿ. ಕಾಯಿ ಹೋದ ಮೇಲೆ ಉಳಿಯುವುದು ಬರೀ ಕಟ್ಟಿಗೆ. ಅದನ್ನು ಸುಡುವುದೇಕೆ?

ಇಲ್ಲಿ ರಾತ್ರಿ ಹಿಂಡನ್ನು ಹೊಲದಲ್ಲಿ ಕೂಡಿಹಾಕುವುದಕ್ಕೆ ಕುರಿ ತರುಬುವುದು ಎನ್ನುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಹೊಲದವರು ಕುರುಬರಿಗೆ ಜೋಳ ಅಳೆಯಬೇಕು. ಆದರೆ ತರುಬುವುದು ಬಯಲು ಹೊಲದಲ್ಲಿ. ಹತ್ತಿ ಗಿಡ ನಿಂತ ಹೊಲಕ್ಕೆ ಯಾರೂ ಕರೆದದ್ದೂ ಇಲ್ಲ, ಬಂದದ್ದೂ ಇಲ್ಲ. ಇಬ್ಬರನ್ನೂ ನಮ್ಮ ಕಟ್ಟೆಗೆ ಕರೆಸಿ, ಈ ಸಲ ಸುಡುವ ಬದಲು ಹತ್ತಿ ಹೊಲದಲ್ಲೇ ಕುರಿ ತರುಬಿ ಎಂದೆ.

"ನನ್ನ ಹೊಲದಾಗ ಮೇಯಾದು ಅವನ ಕುರಿ, ಜ್ವಾಳ ಅಳಿಯಾದು ನಾನಾ?" ಚನ್ನಪ್ಪನವರು ಎದ್ದೇ ನಿಂತರು. "ಅವನಾ ಕೊಡ್ಲಿ ನನಗ!"

"ತರುಬಿದ್ರ ಹೊಲದಾಯನ ಅಳೀಬೇಕಪ್ಪಾ. ಮಾ ತಾತಲ ಕಾಲಂ ನುಂಚಿ, ನಮ್ಮಜ್ಜಗಳ ಕಾಲದಿಂದ ಇದಾ ಪದ್ಧತಿ" ಎಂದ ಹನುಮಂತು. "ಕಡ್ಡಿ ಚುಚ್ಚಿ ಕುರಿ ಕಣ್ಣು ಹೋದ್ರ ನೀ ಕಣ್ಣು ಕೊಡ್ತೀಯಾ?"

"ನಿನ್ನ ಕುರಿಗೇನು, ನಿನಗಾ ಕಣ್ಣಿಲ್ಲ. ಮೊನ್ನೆ ನನ್ನ ಹೊಲ ಕಾಣಲಿಲ್ಲಲ್ಲ!"

ಮಾತು ಅಲ್ಲಿಗೇ ಮುರಿಯಿತು. ಇಬ್ಬರೂ ಚಪ್ಪಲಿ ಮೆಟ್ಟಿದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಆಗ ಒಳಗಿನಿಂದ ಅತ್ತೆ ಬಂದರು, ಕೈಯಲ್ಲಿ ಹಿಟ್ಟು.

"ಕೂಡ್ರಿ ಇಬ್ರೂ. ಒಬ್ಬಾಂವ ಹುಳಕ್ಕ ಹೆದರ್ತಾನ, ಒಬ್ಬಾಂವ ಕಡ್ಡಿಗೆ ಹೆದರ್ತಾನ. ಉಸಿರು ಸಿಗದಾಕಿ ಇಬ್ರಿಗೂ ಹೆದರವಲ್ಲಳು. ಜ್ವಾಳ ಯಾರೂ ಅಳೀಬ್ಯಾಡ್ರಿ. ಕುರಿ ಇರೋತನ ಕುರಿ ಕಾಯಾವ್ರಿಗೆ ರೊಟ್ಟಿ ನಮ್ಮನಿದು. ಕಟ್ಟಿಗಿ ಚನ್ನಪ್ಪಂದು, ಮೇವು ಹನುಮಂತುಂದು. ಆತಿಲ್ಲೋ?"

ಟ್ರಂಕು ಇಳಿಸಿದ ಕೈ ಅದು.

ಚನ್ನಪ್ಪನವರು ಒಪ್ಪಿದ್ದು ನಮ್ಮ ಮನೆಗೆ ಹತ್ತಿದ ಒಂದೇ ಹೊಲಕ್ಕೆ. "ಮುಂದಿನ ವರ್ಷ ಹುಳ ಬಿತ್ತೋ, ನಿನ್ನ ಗಂಡನ್ನ ಕಳಸ್ಬೇಕು, ಒಂದೊಂದಾ ಕೈಲೆ ಆರ್ಸಾಕ" ಎಂದು ಷರತ್ತು ಹಾಕಿ ಹೋದರು. ಕುರಿಗಳು ಬಂದವು. ಕಣ್ಣು ಯಾವುದಕ್ಕೂ ಹೋಗಲಿಲ್ಲ, ಒಂದೆರಡರ ಉಣ್ಣೆ ಕಡ್ಡಿಗೆ ಸಿಕ್ಕಿ ಹರಿಯಿತು. ಕಿತ್ತ ಕಟ್ಟಿಗೆ ಬಂಡಿಯ ಮೇಲೆ ಊರೊಳಗೆ ಬಂತು. ಒಲೆಯಲ್ಲಿ ಸುಟ್ಟರೂ ಹೊಗೆಯೇ ಅಲ್ಲವೆ ಎಂದು ನೀವು ಕೇಳಬಹುದು. ಹಸಿ ಎಲೆ, ಕಾಯಿ ಸೇರಿದ ರಾಶಿ ದಿನವಿಡೀ ಒಳಗೇ ಬೇಯುತ್ತ ಹೊಗೆಯುತ್ತದೆ. ಒಣಗಿದ ಬರಿಯ ಕಡ್ಡಿ ಉರಿಯಾಗಿ ಮುಗಿಯುತ್ತದೆ. ವ್ಯತ್ಯಾಸವನ್ನು ನನ್ನ ಎದೆ ಬಲ್ಲದು.

ಗೆದ್ದೆ ಎಂದು ಬರೆಯಲಾರೆ. ದೂರದ ಹೊಲಗಳನ್ನು ಆ ವರ್ಷವೂ ಸುಟ್ಟರು. ಚುಕ್ಕೆಗಳು ಬಿದ್ದವು, ಆದರೆ ಜೋಡಿ ಚುಕ್ಕೆಗಳು ಬೆರಳೆಣಿಕೆಗೆ ಇಳಿದವು. ಮುಂದಿನ ಬೆಳೆಗೆ ಹುಳ ಬಿತ್ತೋ? ಬಿತ್ತು. ಸುಟ್ಟ ಹೊಲಕ್ಕೂ ಬಿತ್ತು, ಸುಡದ ಹೊಲಕ್ಕೂ ಬಿತ್ತು. ಚನ್ನಪ್ಪನವರಿಗೆ ಬೈಯಲು ಕಾರಣ ಸಿಗಲಿಲ್ಲ. ಈ ಸಲ ಇನ್ನೊಂದು ಹೊಲಕ್ಕೂ ಕುರಿ ಕರೆದಿದ್ದಾರೆ, ನನಗೆ ಹೇಳದೆ.

ಈ ಆಷಾಢದಲ್ಲಿ ಚೊಚ್ಚಲ ಹೆರಿಗೆಗೆಂದು ಮಂಡ್ಯಕ್ಕೆ ಬಂದೆ. ಹೊಗೆ ನನ್ನನ್ನು ಓಡಿಸಿದ್ದಲ್ಲ. ನಾಲೆಯ ತೇವಕ್ಕೆ ಎರಡನೆಯ ದಿನವೇ ಎದೆ ಕಟ್ಟಿತು. ಮೂರನೆಯ ದಿನ ಸೋದರಮಾವ ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿ ಇಟ್ಟರು. ಸೆರಗು ಮೂಗಿಗೆ ಒತ್ತಿಕೊಂಡು ಬದುವಿನ ಮೇಲೆ ಹೋಗಿ ನಿಂತೆ.

"ಯಾಕ್ರಿ ಮಾವ, ಇದನ್ನ ಸುಡಾಕತ್ತೀರಿ?"

ಮಾತು ಬಾಯಿಂದ ಬಿದ್ದ ಮೇಲೆಯೇ ಅದು ಯಾವ ಊರಿನ ಮಾತು ಎಂದು ನನಗೆ ತಿಳಿದದ್ದು. ಮಾವ ಆಳುಗಳ ಕಡೆ ತಿರುಗಿ ನಕ್ಕರು. "ನೋಡ್ರಲಾ, ಆಂಧ್ರದೋಳು ಬಂದವ್ಳೆ. ಇದನ್ನೆಲ್ಲ ನಿಮ್ಮೂರಲ್ಲಿ ಹೇಳು ಹೋಗವ್ವ."

ಅಲ್ಲಿ ಮೈಸೂರಾಕಿ, ಇಲ್ಲಿ ಆಂಧ್ರದವಳು. ಆದರೂ ಬದು ಬಿಟ್ಟು ಇಳಿಯಲಿಲ್ಲ.

"ಅಲ್ಲಿ ಹೇಳಿ ಬಂದಿದ್ದೀನಿ ಮಾವ" ಎಂದೆ. "ಈ ಊರು ಬಾಕಿ ಇತ್ತು."