ಕಾಕುವಿನ ಕುರ್ಚಿಗೆ ಬ್ರೇಕ್ ಇತ್ತೇ

ಕಳೆದ ವಾರ ಉದಗೀರದ ಆಸ್ಪತ್ರೆಯಲ್ಲಿ ಅವ್ವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ ನರ್ಸ್ ಬ್ರೇಕ್ ಹಾಕಿದಳು. ಟಕ್ ಎಂದಿತು. ಆ ಸದ್ದಿಗೆ ನನಗೆ ಉಮರ್ಗಾ ನೆನಪಾಯಿತು.

ಉಮರ್ಗಾದಲ್ಲಿ ನಮ್ಮ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸಿದ್ದಳು; ಚಿಕ್ಕಮ್ಮ ಎನ್ನುವ ಹಾಗೆ ನಾವು ಆಕೆಯನ್ನು ಕಾಕು ಎನ್ನುತ್ತಿದ್ದೆವು. ೧೯೯೩ರ ಭೂಕಂಪದಲ್ಲಿ ಗೋಡೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಮರುವರ್ಷ ಜೀಪಿನಲ್ಲಿ ಬಂದವರು ಆಕೆಗೊಂದು ಗಾಲಿಕುರ್ಚಿ ಕೊಟ್ಟು, ಫೋಟೋ ತೆಗೆದುಕೊಂಡು ಹೋದರು. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಕುರ್ಚಿ. ನಮ್ಮ ಎರೆಮಣ್ಣಿನಲ್ಲಿ ಹೂತು ನಿಂತಿತು. ಸೈಕಲ್ ಅಂಗಡಿಯವನು ಅದಕ್ಕೆ ಸೈಕಲ್ ಗಾಲಿ ಜೋಡಿಸಿಕೊಟ್ಟ. ಆಮೇಲೆ ಯಾರಾದರೂ ಹೊಸ್ತಿಲು ದಾಟಿಸಿದರೆ ಸಾಕು, ಕಾಕು ಬೋರಿನವರೆಗೂ ತಾನೇ ಹೋಗುತ್ತಿದ್ದಳು.

ಸೂರಿನ ಕೆಳಗೆ ಬಂದೊಡನೆ ಮಾತ್ರ ಆಕೆಯ ಮುಖ ಬದಲಾಗುತ್ತಿತ್ತು. ಆಗಿನ್ನೂ ನೆಲ ಆಗಾಗ ಗುರುಗುಟ್ಟುತ್ತಿತ್ತು. ಕುರ್ಚಿ ಯಾವಾಗಲೂ ಬಾಗಿಲಿಗೆ ಮುಖ ಮಾಡಿರಬೇಕು.

"ಭೂಮಿ ಅಲುಗಿದ್ರ ನನ್ನ ಮರೀಬ್ಯಾಡಪಾ. ಒಂದ ಸಲ ನೂಕು, ಸಾಕು."

ನಾನು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಇನ್ನು ದೊಡ್ಡ ಕಂಪನ ಬರುವುದಿಲ್ಲ ಎಂದೆ.

"ಭೂಮೀನೂ ನಿನ್ನ ಕಾಲೇಜಿಗೆ ಬರ್ತದೇನೋ, ಶಾಣ್ಯಾ?" ಎಂದು ನಕ್ಕಳು.

ಒಂದು ಮಧ್ಯಾಹ್ನ ಅವಳಿಗೆ ಚಹಾ ಕೊಡಲು ಹೋಗಿದ್ದೆ. ಶೆಡ್ಡಿನ ನೆಲ ಬಾಗಿಲ ಕಡೆ ಇಳಿಜಾರಾಗಿತ್ತು; ಕುರ್ಚಿ ಸರಿಯುತ್ತಿತ್ತೆಂದು ಬ್ರೇಕ್ ಹಾಕಿದೆ. ಆ ಟಕ್ ಇನ್ನೂ ಬೆರಳಲ್ಲಿದೆ... ಅಷ್ಟರಲ್ಲಿ ತಗಡು ಗದಗುಟ್ಟಿತು. ಹಲಗೆಯ ಮೇಲಿನ ತಂಬಿಗೆ ಉರುಳಿತು. ನಾನು ಓಡಿದೆ.

"ಹೊಳ್ಳಿ ಬಾರೋ... ನನ್ನ ನೂಕೋ..." ಒಳಗಿಂದ ಕಾಕು ಕೂಗುತ್ತಿದ್ದಳು. ನಾನು ಅಂಗಳದಲ್ಲಿ ನಿಂತಿದ್ದೆ. ಒಳಗೆ ಹೋಗಲಿಲ್ಲ. ಎಷ್ಟು ಹೊತ್ತೋ... ಗಳಿಗೆಯೂ ಇರಲಿಕ್ಕಿಲ್ಲ. ಏನೂ ಬೀಳಲಿಲ್ಲ. ಅವ್ವ ಒಳಗೆ ನುಗ್ಗಿದಾಗ ಕಾಕು ನೆಲಕ್ಕುರುಳಿ, ಮೊಣಕೈ ತರಚಿಕೊಂಡು, ಹೊಸ್ತಿಲ ಬಳಿ ತೆವಳುತ್ತಿದ್ದಳು. ನನ್ನನ್ನು ನೋಡಿದಳು.

ಮತ್ತೆಂದೂ ಆ ಕುರ್ಚಿಯಲ್ಲಿ ಕೂರಲಿಲ್ಲ. ಗೋಣಿತಟ್ಟಿನ ಮೇಲೆ ಕೂತು, ಕೈಯೂರಿ ಎಳೆದುಕೊಂಡೇ ಓಡಾಡಿದಳು. ಹುಣ್ಣುಗಳಾದವು, ಮಾಯಲಿಲ್ಲ. ಅದರಲ್ಲೇ ಹೋದಳು.

ಬ್ರೇಕ್ ಹಾಕಿ ಕಾಕುವನ್ನು ಒಳಗೆ ಸಿಕ್ಕಿಸಿದ್ದೇ ನನ್ನ ತಪ್ಪು ಎಂದು ಇಷ್ಟು ವರ್ಷ ನಂಬಿದ್ದೆ. ಕಳೆದ ವಾರ ಆಸ್ಪತ್ರೆಯಲ್ಲಿ ಮೊದಲ ಸಲ ಅವ್ವನೆದುರು ಅದನ್ನು ಹೇಳಿದೆ.

"ಯಾವ ಬ್ರೇಕೋ? ಸೈಕಲ್ ಗಾಲಿ ಹಾಕುವಾಗನ ಅಂವಾ ಬಿಚ್ಚಿ ಒಗದಿದ್ದ. ಖುರ್ಚಿ ಹೊಸ್ತಿಲಿಗೆ ತಟ್ಟಿ ನಿಂತಿತ್ತು, ಅಷ್ಟ. ಹಿಂದಿನಿಂದ ಒಬ್ರು ನೂಕಿದ್ರ ದಾಟ್ತಿತ್ತು."

ಅವ್ವನಿಗೆ ವಯಸ್ಸಾಗಿದೆ, ಮರೆತಿರಬಹುದು. ಅಥವಾ ಆ ಟಕ್ ಅನ್ನು ನಾನೇ ಆಮೇಲೆ ಹುಟ್ಟಿಸಿಕೊಂಡಿರಬಹುದು... ಕೇಳಲು ಕಾಕು ಇಲ್ಲ.

"ನಡಿ, ಮನಿಗೆ ಹೋಗೂಣು. ನೂಕು," ಎಂದಳು ಅವ್ವ.

ಬಗ್ಗಿ ಬ್ರೇಕ್ ಬಿಟ್ಟೆ. ಕುರ್ಚಿಯ ಹಿಂದೆ ಹೋಗಿ ನಿಂತೆ. ಕೈ ಮುಂದೆ ಬರಲಿಲ್ಲ.