ಕಸದ ಬುಟ್ಟಿಯ ಗುಲಾಬಿ

ನಮ್ಮ ಭಾವನ ಬಲಗೈ ನಡುಗುತ್ತದೆ. ಲೋಟ ಹಿಡಿದರೆ ಕಾಫಿ ತುಳುಕುತ್ತದೆ, ಸಹಿ ಹಾಕಿದರೆ ಅಕ್ಷರ ಕುಣಿಯುತ್ತದೆ. ಬೇರೆಯವರಾದರೆ ವಯಸ್ಸಾಯಿತು ಎಂದು ಸುಮ್ಮನಾಗಬಹುದಿತ್ತು. ಭಾವ ಗಡಿಯಾರ ರಿಪೇರಿಯವರು. ಸಾಸಿವೆಗಿಂತ ಚಿಕ್ಕ ತಿರುಪನ್ನು ಚಿಮುಟದ ತುದಿಯಲ್ಲಿ ಹಿಡಿದು ಕೂರಿಸುವ ಕೆಲಸ ಅದು. ಒಂದು ದಿನ ಯಾರದೋ ಕೈಗಡಿಯಾರದ ತಿರುಪು ಕೈಜಾರಿತು, ಹುಡುಕಿ ಎತ್ತಿಕೊಂಡರು, ಮತ್ತೆ ಜಾರಿತು. ಆ ಗಡಿಯಾರವನ್ನು ಪೊಟ್ಟಣ ಕಟ್ಟಿ, ಪಕ್ಕದ ಬೀದಿಯ ಅಂಗಡಿಯವನಿಗೆ ತಾವೇ ಕೊಟ್ಟುಬಂದು, ಬಾಗಿಲು ಎಳೆದರು. ಮತ್ತೆ ವ್ಯಾಪಾರಕ್ಕೆ ತೆಗೆಯಲಿಲ್ಲ.

ಅಲ್ಲಿಯವರೆಗೆ ಊರೆಲ್ಲ ಅವರ ಕೈಗುಣವನ್ನು ಹೊಗಳುತ್ತಿತ್ತು. ಅವರು ಮುಟ್ಟಿದ ಗಡಿಯಾರ ಮತ್ತೆ ನಿಲ್ಲುವುದಿಲ್ಲ ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ, ಆದರೆ ಅವರ ಮುಂದೆ ಯಾವತ್ತೂ ಹೇಳಿದವಳಲ್ಲ. ನಾದಿನಿಯಾದವಳು ಭಾವನನ್ನು ಹೊಗಳುತ್ತ ಕೂತರೆ ಕಾಲೆಳೆಯುವವರು ಯಾರು?

ಅಂಗಡಿ ಮುಚ್ಚಿದ ಮೇಲೆ ಭಾವ ಮನೆಯಲ್ಲಿ ಕೂತರು. ಕೂತರು ಅನ್ನುವುದು ತಪ್ಪು. ಮಿಕ್ಸಿ ಬಿಚ್ಚಿದರು, ನಲ್ಲಿ ಬಿಚ್ಚಿದರು, ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನೂ ಬಿಚ್ಚಿದರು. ಅಕ್ಕನಿಗೆ ರೋಸಿಹೋಯಿತು. ಒಂದು ಬೆಳಗ್ಗೆ ಈರುಳ್ಳಿಯ ಬುಡ, ಎಲೆ ಬಿಡಿಸಿದ ಪುದೀನದ ಕಡ್ಡಿ, ಮುದುಡಿದ ಶುಂಠಿ ಎಲ್ಲವನ್ನೂ ತಟ್ಟೆಗೆ ಹಾಕಿ ಅವರ ಮುಂದೆ ಸರಿಸಿದಳು. ಇವನ್ನು ಮಣ್ಣಿಗೆ ಹಾಕಿ ಬದುಕಿಸಿ, ಇನ್ನುಮೇಲೆ ಅಡುಗೆಮನೆಯ ಕಸವೆಲ್ಲ ನಿಮ್ಮ ಪಾಲಿಗೆ, ನನ್ನ ಮಿಕ್ಸಿಯ ತಂಟೆಗೆ ಮಾತ್ರ ಬರಬೇಡಿ ಎಂದಳು.

ಭಾವ ಬದುಕಿಸಲಿಲ್ಲ. ಒಂದೊಂದನ್ನಾಗಿ ಎಲ್ಲವನ್ನೂ ಸಾಯಿಸಿದರು. ನಾನು ಇರುವುದು ಎದುರು ಸಾಲಿನ ಮನೆಯಲ್ಲಿ, ಹಾಗಾಗಿ ದಿನಾ ಬೆಳಗ್ಗೆ ಅಕ್ಕನ ಮನೆಯಲ್ಲಿ ಹಾಜರಿರುತ್ತೇನೆ. ಕಾರಣ ನನಗೆ ಬೇಗ ಗೊತ್ತಾಯಿತು. ಭಾವ ಎದ್ದು ಹಲ್ಲುಜ್ಜುವ ಮೊದಲೇ ಕುಂಡದ ಹತ್ತಿರ ಹೋಗಿ, ಪುದೀನದ ಕಡ್ಡಿಯನ್ನು ಮೆತ್ತಗೆ ಕಿತ್ತು, ಬುಡವನ್ನು ತಿರುಗಿಸಿ ನೋಡಿ, ಮತ್ತೆ ಸಿಕ್ಕಿಸುತ್ತಿದ್ದರು. ಸಂಜೆ ಇನ್ನೊಮ್ಮೆ. ನಾನು ಬಿದ್ದೂ ಬಿದ್ದೂ ನಕ್ಕೆ. ಗಡಿಯಾರದ ಮುಚ್ಚಳ ತೆಗೆದ ಹಾಗೆ ದಿನಾ ಗಿಡ ಕಿತ್ತು ನೋಡಿದರೆ ಅದಕ್ಕಾದರೂ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಭಾವ ನಗಲಿಲ್ಲ.

"ಒಳಗೆ ಏನಾಗ್ತಿದೆ ಅಂತ ನೋಡದೆ ನಂಗೆ ಗೊತ್ತಾಗೋದು ಹೇಗೆ?" ಎಂದರು.

ಒಳಗಿನಿಂದ ಅಕ್ಕ ಕಡ್ಡಿ ಮುರಿದಂತೆ ಹೇಳಿದಳು: "ನಿಮಗೆ ಗಿಡದ ಕೈಗುಣ ಇಲ್ಲ ರೀ. ಸುಮ್ನೆ ಬಿಟ್ಬಿಡಿ."

ಅಕ್ಕ ಕೆಟ್ಟವಳಲ್ಲ, ಮಾತು ಮಾತ್ರ ಒರಟು. ಆದರೆ ಆ ಮಾತಿಗೆ ಭಾವನ ಮುಖ ಸಪ್ಪಗಾದದ್ದನ್ನು ನಾನು ನೋಡಿದೆ. ಒಂದು ಕೈಗುಣ ಅಂಗಡಿಯಲ್ಲೇ ಹೋಗಿತ್ತು, ಇನ್ನೊಂದು ಇರಲೇ ಇಲ್ಲವೆಂದು ಹೆಂಡತಿಯೇ ತೀರ್ಪು ಕೊಟ್ಟಾಗಿತ್ತು. ಅವರು ಮಣ್ಣಿನ ಕೈ ತೊಳೆದುಕೊಂಡು ಹೊರಗೆ ಹೋಗಿಬಿಟ್ಟರು.

ಮರುದಿನ ಹಳೆಯ ಅಂಗಡಿಯ ಕಪಾಟಿನಿಂದ ಗಾಜಿನ ಸೀಸೆಗಳು ಬಂದವು. ಹಿಂಭಾಗದಲ್ಲೂ ಗಾಜಿರುವ ಗಡಿಯಾರಗಳಿರುತ್ತವಲ್ಲ, ಬಿಚ್ಚದೆಯೇ ಒಳಗಿನ ಚಕ್ರ ಕಾಣುತ್ತದಲ್ಲ, ಗಿಡಕ್ಕೂ ಹಾಗೆ ಮಾಡಿದರಾಯಿತು ಎಂಬುದು ಭಾವನ ಲೆಕ್ಕ. ಅಡುಗೆಮನೆಯ ಕಿಟಕಿಯಲ್ಲಿ ಈರುಳ್ಳಿ ಬುಡಗಳು ಸೀಸೆಯ ಬಾಯಿಗೆ ಕೂತವು, ಪುದೀನದ ಕಡ್ಡಿಗಳು ನೀರಿನಲ್ಲಿ ನಿಂತವು. ಭಾವ ಕಸುಬಿನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕೈ ಬೆನ್ನಹಿಂದೆ ಕಟ್ಟಿಕೊಂಡು, ಒಂದೊಂದು ಸೀಸೆಯ ಮುಂದೆಯೂ ಬಗ್ಗಿ ನೋಡುತ್ತಿದ್ದರು. ಬಿಸಿಲಿಗೆ ನೀರು ಪಾಚಿಗಟ್ಟಿದಾಗ, ಬೇರಿಗೆ ಕತ್ತಲೆ ಬೇಕೆಂದು ಊಹಿಸಿ, ಸೀಸೆಗಳಿಗೆಲ್ಲ ಕಪ್ಪು ಕಾಗದದ ಅಂಗಿ ಹೊಲಿದರು. ನೋಡುವಾಗ ಅಂಗಿ ಮೇಲೆತ್ತುವುದು, ನೋಡಿ ಇಳಿಸುವುದು. ಅಂಗಿ ಎತ್ತುವಾಗ ಕೈ ನಡುಗಿದರೂ ಪುದೀನಕ್ಕೆ ಬೇಜಾರಿರಲಿಲ್ಲ. ಸ್ವಲ್ಪ ದಿನಕ್ಕೆ ಅದರ ಗೆಣ್ಣಿನಲ್ಲಿ ದಾರದಂಥ ಬಿಳಿ ಬೇರು ಮೂಡಿತು. ಭಾವ ನನ್ನನ್ನು ಬೀದಿಯಿಂದಲೇ ಕೂಗಿ ಕರೆದು ತೋರಿಸಿದರು. ಅಕ್ಕ ಮಾತ್ರ, ಪುದೀನ ಕಸದಲ್ಲಿ ಬಿದ್ದರೂ ಬೆಳೆಯುತ್ತದೆ, ಅದೇನು ಮಹಾ, ಅಂದಳು.

ಅವಳ ಮನಸ್ಸು ಆಗ ಬೇರೆ ಕಡೆಗಿತ್ತು. ಅವರ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಬಿಳಿ ಗುಲಾಬಿ ಗಿಡವಿತ್ತು. ಅಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ನಮ್ಮಮ್ಮ ತಂದು ನೆಟ್ಟ ಕಡ್ಡಿ ಅದು. ಈಗ ಅದರ ಬುಡ ನನ್ನ ಮುಂಗೈಯಷ್ಟು ದಪ್ಪ, ಬೇರು ಗೋಡೆಯ ಅಡಿಗೆ ನುಗ್ಗಿದೆ. ಅಮ್ಮ ಹೋದಮೇಲೆ ಅಕ್ಕ ಆ ಗಿಡದ ಹತ್ತಿರವೇ ನಿಂತು ಮಾತಾಡಿಕೊಳ್ಳುತ್ತಾಳೆ, ನಾನು ಕೇಳಿಸದವಳಂತೆ ಇದ್ದುಬಿಡುತ್ತೇನೆ. ಮನೆ ಮಾಲೀಕರು ಬಂದು, ಮುಂದಿನ ತಿಂಗಳು ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸುತ್ತೇವೆ ಎಂದು ಬಹಳ ಮರ್ಯಾದೆಯಿಂದಲೇ ಹೇಳಿಹೋದರು. ಅಷ್ಟು ಮರ್ಯಾದೆಯಿಂದ ಹೇಳಿದರೆ ಜಗಳವಾಡುವುದಾದರೂ ಹೇಗೆ? ನನಗೆ ಮೈಯೆಲ್ಲ ಉರಿಯಿತು. ಕಿತ್ತು ಬೇರೆಡೆ ನೆಟ್ಟರೆ ಆ ವಯಸ್ಸಿನ ಗಿಡ ತಡೆಯುವುದಿಲ್ಲ. ಕತ್ತರಿಸಿ ನೆಟ್ಟ ಕಡ್ಡಿ ಬೇರು ಹಿಡಿದರೆ ಉಳಿಯಿತು, ಇಲ್ಲದಿದ್ದರೆ ಅಮ್ಮನ ಗುಲಾಬಿ ಅಲ್ಲಿಗೆ ಮುಗಿಯಿತು.

ಅಕ್ಕ ಏನು ನೆಟ್ಟರೂ ಚಿಗುರುತ್ತದೆ. ಅವಳ ಕೈಗೆ ಬಗ್ಗದ ಗಿಡ ಇದೊಂದೇ. ಹಿಂದೆ ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದಳು. ಈ ಸಲ ಗಟ್ಟಿಮುಟ್ಟಾದ ದಪ್ಪ ಕಡ್ಡಿಗಳನ್ನೇ ಆರಿಸಿ ಕತ್ತರಿಸಿದಳು. ಭಾವ ಪಕ್ಕದಲ್ಲಿ ನಿಂತು, ತನಗೂ ಎರಡು ಕೊಡು ಎಂದು ಕೇಳಿದರು. ಇದು ಆಟವಲ್ಲ, ನಿಮ್ಮ ಸೀಸೆಗೆ ಇದನ್ನು ಕೊಡಲಾರೆ ಎಂದು ಅವಳು ಮುಖ ತಿರುಗಿಸಿದಳು. ಕಡ್ಡಿಗಳ ಎಳೆಯ ತುದಿಗಳನ್ನು ಚಿವುಟಿ, ತರಕಾರಿ ಸಿಪ್ಪೆಯ ಬುಟ್ಟಿಗೆ ಎಸೆದು ಒಳಗೆ ಹೋದಳು.

ಭಾವ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೌತೆಕಾಯಿ ಸಿಪ್ಪೆಯ ನಡುವಿನಿಂದ ಆ ತುದಿಗಳನ್ನು ಹೆಕ್ಕತೊಡಗಿದರು. ನಾನು ಹುಬ್ಬೇರಿಸಿದೆ.

"ಕಸ ನನ್ನ ಪಾಲಿಗೆ ಅಂತ ನಿಮ್ಮಕ್ಕನೇ ಹೇಳಿದ್ದಾಳೆ," ಎಂದರು ಭಾವ.

ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಬುಡ ಕತ್ತರಿಸಿ, ಗಾಜಿನ ಲೋಟಗಳಲ್ಲಿ ತುಂಬಿದ ಒದ್ದೆ ಮರಳಿಗೆ, ಗಾಜಿನ ಪಕ್ಕಕ್ಕೇ ಅಂಟುವಂತೆ ಸಿಕ್ಕಿಸಿದರು. ಒಂದೊಂದರ ಮೇಲೂ ಇನ್ನೊಂದು ಲೋಟ ಬೋರಲು, ಸುತ್ತ ಕಾಗದದ ಅಂಗಿ. ಅಕ್ಕ ತನ್ನ ಕುಂಡಗಳಿಗೆ ಪ್ರೀತಿಯಿಂದ ಚೊಂಬುಗಟ್ಟಲೆ ನೀರು ಸುರಿಯುತ್ತಿದ್ದಳು. ಭಾವನದು ಗಡಿಯಾರದ ಲೆಕ್ಕ. ಎಣ್ಣೆ ಒಂದು ಹನಿ ಹೆಚ್ಚಾದರೂ ಗಡಿಯಾರ ಕೆಡುತ್ತದೆ, ಆದ್ದರಿಂದ ನೀರನ್ನೂ ಹನಿಹನಿಯಾಗಿಯೇ ಬಿಟ್ಟರು. ಬುಡ ಕಪ್ಪಾಗುತ್ತಿದ್ದ ಒಂದನ್ನು ಭೂತಗನ್ನಡಿಯಲ್ಲಿ ಕಂಡು, ಉಳಿದವಕ್ಕೆ ಹರಡುವ ಮೊದಲೇ ತೆಗೆದುಹಾಕಿದರು. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ನನ್ನ ಬಾಯಿಗೂ ಬೀಗ ಹಾಕಿಸಿದರು, ಅದು ನನಗೆಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಗಾರೆಯವರು ಬಂದರು. ಮಧ್ಯಾಹ್ನದೊಳಗೆ ಗುಲಾಬಿಯ ಬುಡ ಹಾರೆಗೆ ಎದ್ದು, ಗೋಡೆಯ ಪಕ್ಕ ಬಿದ್ದಿತ್ತು. ಅಕ್ಕ ತನ್ನ ಕುಂಡಗಳಿಂದ ಕಡ್ಡಿಗಳನ್ನು ಒಂದೊಂದಾಗಿ ಎತ್ತಿದಳು. ಎಲ್ಲವೂ ಬುಡದಿಂದ ತುದಿಯವರೆಗೆ ಕಪ್ಪು. ಕೊನೆಯದನ್ನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತಳು. ಅಮ್ಮ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಭಾವ ಒಳಗಿನಿಂದ ಒಂದು ಲೋಟ ತಂದು ಅವಳ ಪಕ್ಕ ಕೂತರು. ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ಕಾಗದದ ಅಂಗಿ ಮೇಲೆತ್ತಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ಗಾಜಿನುದ್ದಕ್ಕೂ ಬೆಳ್ಳಗಿನ ಬೇರು ಬಲೆಯಾಗಿ ಇಳಿದಿತ್ತು. ಮೇಲೆ ಕೆಂಪು ಚಿಗುರು.

"ಇದು... ಅಮ್ಮಂದಾ?"

"ಅಮ್ಮಂದೇ."

"ಎಲ್ಲಿ ಸಿಕ್ತು ನಿಮಗೆ?"

"ನೀನು ಎಸೆದ ಸಿಪ್ಪೆ ಬುಟ್ಟೀಲಿ."

ಅಕ್ಕ ಅಳುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಅತ್ತಳು. ಒಳಗೆ ಇನ್ನೂ ಇಂಥ ಲೋಟಗಳಿವೆ ಎಂದು ನಾನು ಕೂಗಿಕೊಂಡೆ. ಬಾಯಿಯ ಬೀಗ ಅಷ್ಟು ಹೊತ್ತು ತಡೆದದ್ದೇ ದೊಡ್ಡದು. ಗಾರೆಯವರೂ ಕೆಲಸ ಬಿಟ್ಟು ಬಂದು ಲೋಟದೊಳಗೆ ಇಣುಕಿದರು.

ಯಾರೂ ಸಿಮೆಂಟು ಹಾಕಲಾಗದಂತೆ, ಮನೆ ಬದಲಾಯಿಸಿದರೂ ಜೊತೆಗೆ ಬರುವಂತೆ, ತಾರಸಿಯ ಮೇಲಿನ ಡ್ರಮ್ಮಿಗೆ ಮಣ್ಣು ತುಂಬಿದೆವು. ಭಾವ ಲೋಟವನ್ನು ಅಕ್ಕನ ಕೈಗೆ ಕೊಡಲು ಹೋದರು. ಅಕ್ಕ ತೆಗೆದುಕೊಳ್ಳಲಿಲ್ಲ, ನೀವೇ ನೆಡಿ ಎಂದಳು. ನಡುಗುವ ಕೈಯಿಂದ ಮಣ್ಣು ಅತ್ತಿತ್ತ ಉದುರಿತು, ಗಿಡ ನೆಟ್ಟಗೆ ನಿಂತಿತು.

ಮೊದಲ ಹೂವು ಬಿಟ್ಟಾಗ ಮಾಲೀಕರ ಹೆಂಡತಿ ತಾರಸಿಗೆ ಬಂದರು. ಹಿತ್ತಲಲ್ಲಿ ಕಾರು ಬಂದು ನಿಂತಾಗಿತ್ತು. ಹೂವನ್ನು ನೋಡಿ ಆಸೆಪಟ್ಟು, ತಮಗೂ ಒಂದು ಕಡ್ಡಿ ಹಿಡಿಸಿಕೊಡಬೇಕೆಂದು ಅಕ್ಕನನ್ನು ಕೇಳಿದರು. ಅಕ್ಕ ಬಟ್ಟೆ ಒಣಹಾಕುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ.

"ನನ್ನ ಕೇಳಬೇಡಿ, ಅವರನ್ನ ಕೇಳಿ. ಕೈಗುಣ ಅವರದ್ದು," ಎಂದಳು.

ತಾರಸಿಗೆ ತಂದಿಟ್ಟಿದ್ದ ಸೀಸೆಗಳ ಮುಂದೆ ಬಗ್ಗಿದ್ದ ಭಾವ ಮೆಲ್ಲಗೆ ನೆಟ್ಟಗಾದರು. ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು, ತಮ್ಮ ಅಂಗಿಯ ಅಂಚಿನಿಂದ ಒರೆಸಿ, ಇಷ್ಟು ವರ್ಷ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ಗತ್ತಿನಲ್ಲೇ ಹೇಳಿದರು:

"ಇಟ್ಟಿರ್ತೀನಿ. ನಾಳಿದ್ದು ಬನ್ನಿ."